ಬೋಲ್ಟು ಹೋದರೂ ತೂತು ಉಳಿಯಲಿ

ಮನೆ ಮುಂದೆ ಗಾಡಿಯನ್ನು ಜಾಕ್ ಮೇಲೆತ್ತಿ, ಗಾಲಿ ಬಿಚ್ಚಿ, ಹಳೆಯ ಶಾಕ್ ಅಬ್ಸಾರ್ಬರ್ ತೆಗೆದು ಹೊಸದನ್ನು ಕೂರಿಸುವುದು ಲೆಕ್ಕದ ಪ್ರಕಾರ ಒಂದು ಭಾನುವಾರ ಬೆಳಗಿನ ಕೆಲಸ. ಮೇಲೊಂದು ನಟ್ಟು, ಕೆಳಗೊಂದು ಬೋಲ್ಟು. ಮೇಲಿನದು ಸಲೀಸಾಗಿ ಬರುತ್ತದೆ, ಕೆಳಗಿನದು ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಅಲ್ಲಿಂದ ಮುಂದಕ್ಕೆ ಭಾನುವಾರ ಭಾನುವಾರವಾಗಿ ಉಳಿಯುವುದಿಲ್ಲ. ಬೋಲ್ಟು ಹಿಡಿದುಕೊಂಡಾಗ ನಮ್ಮ ಕಡೆ ಸಾಮಾನ್ಯವಾಗಿ ಸಿಗುವ ಸಲಹೆ ಎರಡೇ. ಪಾನಾಕ್ಕೆ ಪೈಪು ಸಿಕ್ಕಿಸಿ ಎಳಿ ಎನ್ನುವುದು ಒಂದು. ಅದಕ್ಕೂ ಬಗ್ಗದಿದ್ದರೆ ಗ್ಯಾಸ್ ಹಚ್ಚು ಎನ್ನುವುದು ಇನ್ನೊಂದು. ಎರಡರಲ್ಲೂ ತಪ್ಪೆಂದರೆ, ಎರಡೂ ಬೋಲ್ಟಿನ ಈ ತುದಿಯನ್ನು ಮಾತ್ರ ನೋಡಿ ಕೊಟ್ಟ ಸಲಹೆಗಳು. ಆ ತುದಿಯಲ್ಲಿ ಬೋಲ್ಟು ಕಚ್ಚಿಕೊಂಡಿರುವುದು ಏನನ್ನು ಎಂದು ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಆಚೆ ತುದಿಯಲ್ಲಿ ಬಿಡಿ ನಟ್ಟು ಇದ್ದರೆ ಬೋಲ್ಟಿನ ಮೇಲೆ ಕನಿಕರ ತೋರಿಸುವ ಅಗತ್ಯವೇ ಇಲ್ಲ, ಕೊಯ್ದು ಎಸೆಯಬೇಕು. ಚಾಸಿಗೆ ಬೆಸುಗೆ ಹಾಕಿದ ನಟ್ಟೋ, ಎರಕದ ಭಾಗದಲ್ಲೇ ಕೊರೆದ ಥ್ರೆಡ್ಡೋ ಇದ್ದರೆ ಜಗತ್ತಿನ ತಾಳ್ಮೆಯನ್ನೆಲ್ಲ ಅಲ್ಲಿ ಸುರಿಯಬೇಕು. ನಾವು ಮಾಡುವುದು ಇದರ ಉಲ್ಟಾ: ಐವತ್ತು ರೂಪಾಯಿಯ ಬೋಲ್ಟನ್ನು ಉಳಿಸಲು ಅರ್ಧ ದಿನ ಒದ್ದಾಡುತ್ತೇವೆ, ಸಾವಿರಾರು ರೂಪಾಯಿಯ ತೂತನ್ನು ಎರಡು ನಿಮಿಷದಲ್ಲಿ ಕೆಡಿಸುತ್ತೇವೆ.

ಈ ಸೀಮೆಯಲ್ಲಿ ಬೋಲ್ಟಿಗೆ ತುಕ್ಕು ಹಿಡಿಯುವುದೇ ಸ್ವಲ್ಪ ಸೋಜಿಗದ ಸಂಗತಿ. ಮಂಗಳೂರು, ಕಾಸರಗೋಡಿನ ಗಾಡಿಗಳ ತಳವನ್ನು ತಿನ್ನುವ ಉಪ್ಪುಗಾಳಿ ದಾವಣಗೆರೆಗೆ ಬರುವುದಿಲ್ಲ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಚಳಿದೇಶಗಳ ಪಾಡೂ ನಮ್ಮದಲ್ಲ. ವರ್ಷದ ಮಳೆ 650 ಮಿ.ಮೀ. ಆಸುಪಾಸು, ಬೇಸಿಗೆಯಲ್ಲಿ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತದೆ. ಆದರೂ ಇಲ್ಲಿನ ಗೂಡ್ಸ್ ಗಾಡಿ, ಟ್ರ್ಯಾಕ್ಟರ್ ಟ್ರೈಲರ್, ಹಳೆಯ ಓಮ್ನಿಗಳ ಕೆಳಗೆ ಮಲಗಿ ನೋಡಿದರೆ ಬೇರೆಯದೇ ಚಿತ್ರ. ಕಾರಣ ಆಕಾಶದಲ್ಲಿಲ್ಲ, ನೆಲದಲ್ಲಿದೆ. ಭದ್ರಾ ಕಾಲುವೆಯ ನೀರು ಬಂದಾಗಿನಿಂದ ದಾವಣಗೆರೆ, ಹರಿಹರ ತಾಲ್ಲೂಕುಗಳ ದೊಡ್ಡ ಭಾಗ ಭತ್ತದ ಗದ್ದೆ. ಗದ್ದೆಯ ಕೆಸರು, ಎರೆಮಣ್ಣು ಬೋಲ್ಟಿನ ತಲೆಯ ಸುತ್ತ ಮೆತ್ತಿಕೊಂಡರೆ ಮೇಲ್ಗಡೆ ಒಣಗಿ ಬಿಳಿಚಿಕೊಳ್ಳುತ್ತದೆ. ಉಳಿಯಿಂದ ಆ ಹೆಂಟೆಯನ್ನು ಎಬ್ಬಿಸಿದರೆ ಒಳಗೆ ಇನ್ನೂ ಕಪ್ಪಗೆ, ತಣ್ಣಗೆ, ತೇವ. ಅದರ ಜೊತೆಗೆ ಗೊಬ್ಬರ. ಗದ್ದೆಗೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನಲ್ಲಿ ಕಬ್ಬಿಣಕ್ಕೆ ಹಗೆಯಾದ ಕ್ಲೋರೈಡ್ ಯಾವುದೋ ಇದರಲ್ಲಿರುವುದೂ ಅದೇ. ಒಡೆದ ಚೀಲದಿಂದ ಸೋರಿದ ಒಂದು ಹಿಡಿ ಸಾಕು, ಸಮುದ್ರ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರವಿದ್ದರೂ ಟ್ರೈಲರಿನ ತಳಕ್ಕೆ ಕರಾವಳಿ ಬಂದಂತೆಯೇ. ತುಂಗಭದ್ರೆಯ ಒದ್ದೆ ಮರಳು ಹೊತ್ತ ಲಾರಿಗಳು ದಾರಿಯುದ್ದಕ್ಕೂ ನೀರು ಸುರಿಸಿಕೊಂಡೇ ಹೋಗುವುದನ್ನು ಹರಿಹರದವರಿಗೆ ಹೇಳಿಕೊಡಬೇಕಿಲ್ಲ. ಹೀಗಾಗಿ ಇಲ್ಲಿ ಗಾಡಿಯ ಬಾಡಿ ಹೊಳೆಯುತ್ತಿರುತ್ತದೆ, ಬಾನೆಟ್ಟಿನೊಳಗಿನ ಮೇಲಿನ ನಟ್ಟು ನಿನ್ನೆ ಹಾಕಿದಂತಿರುತ್ತದೆ, ಕೆಳಗಿನ ಬೋಲ್ಟು ಮಾತ್ರ ಕಲ್ಲಾಗಿರುತ್ತದೆ. ಮೇಲಿನದು ಬಂತು, ಕೆಳಗಿನದೂ ಬಂದೀತು ಎಂಬ ಭರವಸೆ ಹುಟ್ಟುವುದೇ ಈ ವ್ಯತ್ಯಾಸದಿಂದ.

ತುಕ್ಕು ಬೋಲ್ಟನ್ನು ಹೇಗೆ ಹಿಡಿಯುತ್ತದೆ ಎಂಬುದನ್ನು ನೋಡಿದರೆ ಬಲಪ್ರಯೋಗ ಯಾಕೆ ಸೋಲುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಕಬ್ಬಿಣ ತುಕ್ಕಾದಾಗ ಅದು ಆಕ್ರಮಿಸುವ ಜಾಗ ಮೂಲಕ್ಕಿಂತ ಎರಡು ಪಟ್ಟಿನಿಂದ ಹಿಡಿದು ಆರು ಪಟ್ಟಿನವರೆಗೂ ಹಿಗ್ಗಬಹುದು. ಬೋಲ್ಟಿಗೂ ನಟ್ಟಿಗೂ ನಡುವೆ ಇರುವುದು ಕೂದಲೆಳೆಯಷ್ಟು ಸಂದು. ಅದರೊಳಗೆ ಈ ಪುಡಿ ಹಿಗ್ಗಿ ಗಟ್ಟಿಯಾಗಿ ಬೆಣೆಯ ಕೆಲಸ ಮಾಡುತ್ತದೆ. ಇದು ಒಂದು ಪದರ. ಇದರ ಕೆಳಗೆ ಬಿಗಿಯ ಪದರ ಇದೆ. ಲೋವರ್ ಆರ್ಮಿಗೆ, ಶಾಕ್ ಅಬ್ಸಾರ್ಬರಿಗೆ ಹಾಕುವಂಥ 12 ಮಿ.ಮೀ. ದಪ್ಪದ 8.8 ದರ್ಜೆಯ ಬೋಲ್ಟನ್ನು ಸರಿಯಾಗಿ ಬಿಗಿ ಮಾಡಿದರೆ ಅದು ಎರಡು ತುಂಡುಗಳನ್ನು ಹೆಚ್ಚುಕಡಿಮೆ 4 ಟನ್ ಬಲದಿಂದ ಅಮುಕಿ ಹಿಡಿಯುತ್ತದೆ. ಇಷ್ಟು ಹಿಡಿತ ಬರಲು ನಾವು ಕೊಡಬೇಕಾದ ತಿರುಚುಬಲ 80ರಿಂದ 90 ನ್ಯೂಟನ್ ಮೀಟರ್. ಅರ್ಧ ಮೀಟರ್ ಉದ್ದದ ಹಿಡಿಯ ತುದಿಯಲ್ಲಿ 17 ಕೆ.ಜಿ. ತೂಕ ತೂಗುಹಾಕಿದಷ್ಟು, ಅಷ್ಟೇ. ಅದರಲ್ಲೂ ಸುಮಾರು ಅರ್ಧ ಬೋಲ್ಟಿನ ತಲೆ ಉಜ್ಜುವುದಕ್ಕೆ, ನಲವತ್ತು ಪಾಲು ಥ್ರೆಡ್ಡು ಉಜ್ಜುವುದಕ್ಕೆ ಖರ್ಚಾಗಿ, ನಿಜವಾದ ಹಿಡಿತವಾಗಿ ಉಳಿಯುವುದು ನೂರಕ್ಕೆ ಹತ್ತರಷ್ಟು ಮಾತ್ರ. ಉಳಿದದ್ದೆಲ್ಲ ಘರ್ಷಣೆ. ಘರ್ಷಣೆಯೇ ತೊಂಬತ್ತು ಪಾಲಾದ ಕಡೆ ತುಕ್ಕು ಸೇರಿ ಆ ಘರ್ಷಣೆ ಎರಡು ಮೂರು ಪಟ್ಟಾದರೆ ಏನಾಗುತ್ತದೆ ಎಂಬುದು ಸುಲಭದ ಲೆಕ್ಕ. ಸಾಲದ್ದಕ್ಕೆ, ಹಿಂದಿನ ಸಲ ಬಿಗಿ ಮಾಡಿದವರು ಟಾರ್ಕ್ ರೆಂಚ್ ಹಿಡಿದಿರುವ ಸಂಭವ ಕಡಿಮೆ. ಗಾಳಿಯ ಗನ್ ಹಿಡಿದು 'ಟರ್ರ್' ಎಂದು ಸದ್ದು ನಿಲ್ಲುವವರೆಗೆ ಒತ್ತಿದ್ದರೆ, ಅಥವಾ 'ಬಿಗಿ ಇರ್ಲಿ ಬಿಡು' ಎಂದು ಕಾಲಿನಿಂದ ಒದ್ದು ಕೂರಿಸಿದ್ದರೆ, ಬಿಚ್ಚಲು ಕೂತವನು ತುಕ್ಕಿನ ಜೊತೆಗೆ ಆ ಹಳೆಯ ಉತ್ಸಾಹದ ಬಾಕಿಯನ್ನೂ ತೀರಿಸಬೇಕು. ಹಟ ಬೋಲ್ಟಿನದಲ್ಲ, ಹಿಂದಿನ ಕೈಯದು.

ಈಗ ಪೈಪಿನ ವಿಚಾರ. ಒಂದೂವರೆ ಮೀಟರ್ ಜಿ.ಐ. ಪೈಪನ್ನು ಪಾನಾಕ್ಕೆ ತೂರಿಸಿ ಅರವತ್ತು ಕೆ.ಜಿ.ಯ ಆಸಾಮಿ ತುದಿಯ ಮೇಲೆ ಭಾರ ಬಿಟ್ಟರೆ 900 ನ್ಯೂಟನ್ ಮೀಟರ್ ಹತ್ತಿರ ಬರುತ್ತದೆ. ನಮ್ಮ 12 ಮಿ.ಮೀ. ಬೋಲ್ಟು ಅದರ ಕಾಲು ಭಾಗಕ್ಕಿಂತ ಕಡಿಮೆ ತಿರುಚಿಗೇ ಕಡಿದುಬೀಳುತ್ತದೆ. ಆದ್ದರಿಂದ ಪೈಪು ಬೋಲ್ಟನ್ನು ಬಿಚ್ಚುವ ಸಾಧನ ಎನ್ನುವುದಕ್ಕಿಂತ, ಯಾವುದು ಮೊದಲು ಸೋಲುತ್ತದೆ ನೋಡೋಣ ಎಂಬ ಜೂಜು ಎನ್ನಬಹುದು. ಸೋಲಬಹುದಾದವು ನಾಲ್ಕಿವೆ: ತುಕ್ಕಿನ ಹಿಡಿತ, ಬೋಲ್ಟಿನ ತಲೆಯ ಮೂಲೆಗಳು, ಬೋಲ್ಟಿನ ಕಾಂಡ, ಇಲ್ಲವೇ ಆಚೆ ಕಡೆಯ ಥ್ರೆಡ್ಡು. ನಮಗೆ ಬೇಕಾದ್ದು ಮೊದಲನೆಯದು ಮಾತ್ರ, ಅದರ ಸರದಿ ಬರುವುದು ಅಪರೂಪ. ಹನ್ನೆರಡು ಮೂಲೆಯ ರಿಂಗ್ ಪಾನಾ ಆಗಿದ್ದರೆ ಎರಡನೆಯದು ಖಚಿತ. ತಲೆ ಉರುಟಾದ ಮೇಲೆ ಯಾವ ಪಾನಾಕ್ಕೂ ಅದು ಸಿಗುವುದಿಲ್ಲ. ಆರು ಮೂಲೆಯ ಸಾಕೆಟ್ಟು ಬೋಲ್ಟಿನ ಚಪ್ಪಟೆ ಮೈಯನ್ನು ಒತ್ತುವುದರಿಂದ ಮೂಲೆ ಉಳಿಯುತ್ತದೆ. ಗಾಡಿ ಕೆಳಗೆ ಮಲಗಿದವನಿಗೆ ಇನ್ನೊಂದು ಅಪಾಯವೂ ಉಂಟು. ಬೋಲ್ಟಿನ ತಲೆ ಆಚೆ ಮುಖ ಮಾಡಿದ್ದು, ಕೈ ಮಾತ್ರ ಈಚೆಯಿಂದ ಹೋಗುತ್ತಿದ್ದರೆ ಎಡ ಯಾವುದು ಬಲ ಯಾವುದು ಎಂಬ ಲೆಕ್ಕ ತಪ್ಪಿ, ಹತ್ತು ನಿಮಿಷದಿಂದ ಪೈಪು ಹಾಕಿ ಬಿಗಿಯನ್ನೇ ಮಾಡುತ್ತಿರುವುದು ಅಸಾಧ್ಯವೇನಲ್ಲ. ಕೆಲವು ಹಳೆಯ ಲಾರಿಗಳ ಎಡಗಡೆಯ ಗಾಲಿ ನಟ್ಟುಗಳಂತೂ ಉಲ್ಟಾ ಥ್ರೆಡ್ಡಿನವೇ. ಸೈಕಲ್ಲಿನ ಎಡ ಪೆಡಲು ಇವತ್ತಿಗೂ ಹಾಗೆಯೇ. ಪೈಪು ತೂರಿಸುವ ಮುಂಚೆ ಒಂದು ಕ್ಷಣ ದಿಕ್ಕು ನೋಡಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ.

ನನ್ನ ಮಾತಿಗೆ ಅತ್ಯಂತ ಸ್ಪಷ್ಟ ಸಾಕ್ಷಿ ಲೋವರ್ ಆರ್ಮಿನ ಬೋಲ್ಟು. ಅಲ್ಲಿ ಮೂರು ಸಾಮಾನುಗಳಿವೆ: ಹೊರಗೆ ಚಾಸಿಯ ಎರಡು ಕಿವಿಗಳು, ಅವುಗಳ ನಡುವೆ ರಬ್ಬರ್ ಬುಷ್ಷು, ಬುಷ್ಷಿನ ನಡುವೆ ಉಕ್ಕಿನ ಒಂದು ಕೊಳವೆ. ಬೋಲ್ಟು ಆ ಕೊಳವೆಯೊಳಗೆ ಹಾದು ಆಚೆ ಬಿಡಿ ನಟ್ಟಿನಲ್ಲಿ ಮುಗಿಯುತ್ತದೆ. ಕೊಳವೆಗೂ ಬೋಲ್ಟಿಗೂ ನಡುವೆ ಗ್ರೀಸು ಇಲ್ಲದೆ ಜೋಡಿಸಿದ್ದರೆ ವರ್ಷಗಟ್ಟಲೆ ನೀರು ಒಳಗೇ ನಿಂತು ಎರಡೂ ಒಂದೇ ತುಂಡಾಗಿರುತ್ತವೆ. ಬಿಚ್ಚುವಾಗ ಕಾಣುವುದು ಹೀಗೆ: ನಟ್ಟು ಸಂತೋಷವಾಗಿ ಹೊರಬರುತ್ತದೆ. ಬೋಲ್ಟಿನ ತಲೆಗೆ ಪಾನಾ ಹಾಕಿ ತಿರುಗಿಸಿದರೆ ಅದೂ ಕಾಲು ಸುತ್ತು ತಿರುಗುತ್ತದೆ. ಕೈ ಬಿಟ್ಟರೆ ಮೆಲ್ಲಗೆ ಹಿಂದಿನ ಜಾಗಕ್ಕೇ ಮರಳುತ್ತದೆ. ಈ ಮರಳುವಿಕೆಯನ್ನು ಗಮನಿಸದವರು ಬೋಲ್ಟು ಸಡಿಲಾಗುತ್ತಿದೆ ಎಂದು ಖುಷಿಪಟ್ಟು ಮತ್ತೆ ಮತ್ತೆ ತಿರುಗಿಸುತ್ತಾರೆ. ತಿರುಗುತ್ತಿರುವುದು ಕೊಳವೆ ಸಮೇತ ಬೋಲ್ಟು. ಹಿಂದಕ್ಕೆ ಎಳೆಯುತ್ತಿರುವುದು ಹೊಸಕಿಕೊಂಡ ರಬ್ಬರು. ಹಿಂದಿನಿಂದ ಸುತ್ತಿಗೆಯಲ್ಲಿ ಬಡಿದರೆ ಆ ಪೆಟ್ಟನ್ನು ರಬ್ಬರು ನುಂಗಿಕೊಳ್ಳುತ್ತದೆ, ಬೋಲ್ಟಿನ ತುದಿ ಅಣಬೆಯಂತೆ ಅಗಲವಾಗಿ ತೂತಿನಿಂದ ಹೊರಬರುವ ಆಸೆಯೂ ಹೋಗುತ್ತದೆ. ಗ್ಯಾಸ್ ಹಚ್ಚಿದರೆ ರಬ್ಬರು ಹೊತ್ತಿ ಬೀದಿಯೆಲ್ಲ ಹೊಗೆ. ಸರಿಯಾದ ದಾರಿ ಬೇರೆಯೇ ಇದೆ. ಚಾಸಿಯ ಕಿವಿಗೂ ಕೊಳವೆಯ ತುದಿಗೂ ನಡುವಿನ ಸಂದಿನಲ್ಲಿ ಆಕ್ಸಾ ಬ್ಲೇಡನ್ನೋ ಗ್ರೈಂಡರಿನ ತೆಳು ಚಕ್ರವನ್ನೋ ಇಳಿಸಿ ಎರಡೂ ಕಡೆ ಬೋಲ್ಟನ್ನು ಕೊಯ್ದರೆ ಆರ್ಮು ಬುಷ್ಷಿನ ಸಮೇತ ಕೈಗೆ ಬರುತ್ತದೆ. ಬುಷ್ಷು ಹೇಗೂ ಸವೆದಿದೆ, ಅದನ್ನು ಬದಲಿಸಲೆಂದೇ ಕೆಲಸ ಶುರುವಾದದ್ದು. ಬೋಲ್ಟು ಹೊಸದು. ಚಾಸಿಯ ಕಿವಿಗಳಿಗೆ ಒಂದು ಗೀರೂ ಬಿದ್ದಿರುವುದಿಲ್ಲ.

ಬೋಲ್ಟು ಬೆಸುಗೆಯ ನಟ್ಟಿನೊಳಗೆ ಇಳಿದಿದ್ದರೆ ಈ ಧಾರಾಳ ನಡೆಯದು. ಚಾಸಿಯ ಡಬ್ಬಿಯಂಥ ಉಕ್ಕಿನೊಳಗೆ, ಕೈ ಹೋಗದ ಕಡೆ, ನಾಲ್ಕು ಚುಕ್ಕೆ ಬೆಸುಗೆಯ ಮೇಲೆ ಕೂತ ನಟ್ಟದು. ಬೋಲ್ಟು ಕಡಿದರೆ ಅದರ ಮೊಂಡು ನಟ್ಟಿನೊಳಗೇ ಉಳಿಯುತ್ತದೆ. ಬೆಸುಗೆ ಬಿಟ್ಟರೆ ನಟ್ಟು ಡಬ್ಬಿಯೊಳಗೆ ಗರಗರ ತಿರುಗುತ್ತ ಕೂರುತ್ತದೆ, ಆಮೇಲೆ ಚಾಸಿಗೇ ಕಿಟಕಿ ಕೊಯ್ಯಬೇಕು. ತಾಳ್ಮೆ ಇರಬೇಕಾದ್ದು ಇಲ್ಲಿ. ಆಚೆ ತುದಿಯಲ್ಲಿ ಹೊರಗೆ ಇಣುಕಿರುವ ಥ್ರೆಡ್ಡನ್ನು ಮೊದಲು ತಂತಿ ಬ್ರಷ್ಷಿನಿಂದ ಉಜ್ಜಿ ಬೆಳ್ಳಗೆ ಮಾಡಬೇಕು, ಇಲ್ಲದಿದ್ದರೆ ಆ ಕೊಳೆಯನ್ನೆಲ್ಲ ಬೋಲ್ಟು ನಟ್ಟಿನೊಳಗೆ ಎಳೆದುಕೊಂಡು ಅರ್ಧ ದಾರಿಯಲ್ಲಿ ಮತ್ತೆ ಕಚ್ಚುತ್ತದೆ. ಆಮೇಲೆ ಎಣ್ಣೆ. ಡಬ್ಲ್ಯುಡಿ-40 ಎಲ್ಲರ ಬಾಯಲ್ಲಿದೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ಅದನ್ನು ಮಾಡಿದ್ದು ನೀರನ್ನು ದೂರ ತಳ್ಳಿ ಲೋಹವನ್ನು ತುಕ್ಕಿನಿಂದ ಕಾಯಲಿಕ್ಕೆ, ಕಚ್ಚಿದ ಬೋಲ್ಟು ಬಿಡಿಸಲೆಂದೇ ಅಲ್ಲ. ಡೀಸೆಲ್ಲೋ ಸೀಮೆಎಣ್ಣೆಯೋ ಆದರೂ ನಡೆಯುತ್ತದೆ, ಬೇಕಾದ್ದು ತೆಳುವಾದ ಎಣ್ಣೆ ಮತ್ತು ಹೊತ್ತು. ಸಂದು ತಾನಾಗಿ ಎಣ್ಣೆಯನ್ನು ಹೀರಿಕೊಳ್ಳಬೇಕು. ಅದಕ್ಕೆ ಒಂದು ರಾತ್ರಿ ಹಿಡಿಯುತ್ತದೆ, ಒಂದು ಟೀ ಕುಡಿಯುವಷ್ಟು ಹೊತ್ತು ಸಾಲದು. ಬೆಳಿಗ್ಗೆ ಬೋಲ್ಟಿನ ತಲೆಯ ನೆತ್ತಿಗೆ ನೇರವಾಗಿ ನಾಲ್ಕು ಚುರುಕು ಪೆಟ್ಟು ಕೊಟ್ಟು ತುಕ್ಕಿನ ಹಕ್ಕಳೆಯನ್ನು ಒಡೆದು, ಮೊದಲು ಒಂದಿಷ್ಟು ಬಿಗಿ ಮಾಡಿ, ಆಮೇಲೆ ಬಿಚ್ಚಲು ನೋಡಬೇಕು. ಬಂದರೆ ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ಒಳಗೆ ಹಾಕಿ, ಮತ್ತೆ ಎಣ್ಣೆ ಬಿಟ್ಟು, ಹಾಗೇ ಹಿಂದೆ ಮುಂದೆ ಆಡಿಸುತ್ತ ತರಬೇಕು. ಒಂದೇ ಉಸಿರಿಗೆ ಎಳೆದವರಿಗೇ ಮೊಂಡು ಗತಿ.

ಎಣ್ಣೆಗೂ ಬಗ್ಗದಿದ್ದರೆ ಬೆಂಕಿ. ನಮ್ಮ ಕಮ್ಮಾರರು ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕೂರಿಸುತ್ತಿದ್ದುದು ಯಾವ ನಿಯಮದಿಂದಲೋ ಇದೂ ಅದರಿಂದಲೇ ನಡೆಯುವ ಕೆಲಸ: ಕಾದ ಪಟ್ಟಿ ಹಿಗ್ಗುತ್ತದೆ, ಆರಿದಾಗ ಕುಗ್ಗಿ ಮರವನ್ನು ಹಿಡಿಯುತ್ತದೆ. ಆದರೆ ಪ್ರಮಾಣ ನೋಡಬೇಕು. 12 ಮಿ.ಮೀ. ತೂತಿನ ನಟ್ಟನ್ನು 300 ಡಿಗ್ರಿ ಹೆಚ್ಚು ಕಾಯಿಸಿದರೆ ತೂತು ಹಿಗ್ಗುವುದು 0.04 ಮಿ.ಮೀ. ಮಾತ್ರ, ತೆಳು ಕೂದಲಿನಷ್ಟೂ ಇಲ್ಲ. ಅಷ್ಟಾದರೂ ಸಿಗಬೇಕಿದ್ದರೆ ನಟ್ಟು ಕಾಯಬೇಕು, ಬೋಲ್ಟು ತಣ್ಣಗಿರಬೇಕು. ದೊಡ್ಡ ಕಟಿಂಗ್ ಟಾರ್ಚು ಹಿಡಿದು ಎರಡನ್ನೂ ಕೆಂಪಗೆ ಮಾಡಿದರೆ ಎರಡೂ ಒಟ್ಟಿಗೆ ಹಿಗ್ಗಿ ಕೈಗೆ ಬಂದದ್ದು ಸೊನ್ನೆ. ಆಗ ಸಿಗುವ ಒಂದೇ ಲಾಭ ಹಕ್ಕಳೆ ಬಿರುಕು ಬಿಡುವುದು. ಬೋಲ್ಟಿನ ತಲೆ ಕಡಿದು ಮೊಂಡು ಹೊರಗೆ ಚೂರು ಕಾಣುತ್ತಿದ್ದರಂತೂ ಅದರ ಮೇಲೆ ಬೇರೊಂದು ನಟ್ಟನ್ನಿಟ್ಟು ನಟ್ಟಿನ ತೂತಿನೊಳಗಿನಿಂದ ಬೆಸುಗೆ ತುಂಬುವ ಉಪಾಯಕ್ಕೆ ಸಾಟಿಯಿಲ್ಲ: ಹಿಡಿಯಲು ಹೊಸ ತಲೆಯೂ ಸಿಗುತ್ತದೆ, ಮೊಂಡಿಗೆ ಶಾಖವೂ ಸಿಗುತ್ತದೆ, ಆರುವಾಗ ಮೊಂಡು ಕುಗ್ಗಿ ಹಿಡಿತ ಸಡಿಲುತ್ತದೆ. ಬೆಂಕಿ ತೋರಿಸಬಾರದ ಜಾಗಗಳೂ ಇವೆ. ಗ್ಯಾಸು ತುಂಬಿದ ಶಾಕ್ ಅಬ್ಸಾರ್ಬರ್ ಕಾದರೆ ಸಿಡಿಯಬಹುದು. ಬ್ರೇಕಿನ ರಬ್ಬರ್ ಪೈಪು, ಪೆಟ್ರೋಲ್ ಟ್ಯಾಂಕು ಹತ್ತಿರವಿದ್ದರೆ ಬೆಂಕಿಯ ಮಾತೇ ಬೇಡ. ಕೆಂಪಗೆ ಕಾದ ಬೋಲ್ಟಿನ ಹದವೂ ಹೋಗಿರುತ್ತದೆ, ಹೊರಬಂದರೂ ಅದನ್ನು ಮತ್ತೆ ಹಾಕುವಂತಿಲ್ಲ.

ನೆಗಡಿ ಬಂತೆಂದು ಮೂಗು ಕೊಯ್ಯುವುದೇ ಎಂದು ಕೇಳಬಹುದು. ಬಿಚ್ಚಲಾಗದ್ದನ್ನು ಕೊಯ್ಯುವುದು ಕೈಲಾಗದವನ ಕೆಲಸ, ಒಳ್ಳೆ ಮೇಸ್ತ್ರಿ ಯಾವ ಬೋಲ್ಟನ್ನಾದರೂ ಬಿಚ್ಚುತ್ತಾನೆ ಎಂಬ ಅಭಿಮಾನ ಗ್ಯಾರೇಜುಗಳಲ್ಲಿ ಬಲವಾಗಿದೆ, ಮನೆಯಲ್ಲಿ ಪಾನಾ ಹಿಡಿದವರಿಗೆ ಇನ್ನೂ ಬಲವಾಗಿದೆ. ಆದರೆ ಈ ಪ್ರಸಂಗದಲ್ಲಿ ಬೋಲ್ಟು ಮೂಗಲ್ಲ, ನೆಗಡಿ. ಮೂಗು ಚಾಸಿ. ಲಾರಿ ಸ್ಪ್ರಿಂಗಿನ ಕೆಲಸ ಮಾಡುವವರನ್ನು ನೋಡಿದರೆ ಈ ಅಭಿಮಾನಕ್ಕೆ ಅವರಲ್ಲಿ ಜಾಗವಿಲ್ಲ. ಕಮಾನು ಪಟ್ಟಿಗಳನ್ನು ಆಕ್ಸಲ್ಲಿಗೆ ಕಟ್ಟಿಹಿಡಿಯುವ ಯು ಬೋಲ್ಟುಗಳ ಕಾಲು ಉದ್ದ, ಥ್ರೆಡ್ಡೆಲ್ಲ ಕೆಸರಿನಲ್ಲಿ. ಅವನ್ನು ಬಿಚ್ಚುವ ಶಾಸ್ತ್ರಕ್ಕೇ ಹೋಗದೆ ನಟ್ಟಿನ ಪಕ್ಕ ಗ್ಯಾಸ್ ಹಿಡಿದು ಕೊಯ್ದು ಬಿಸಾಡುತ್ತಾರೆ. ಆ ಜಾಗದಲ್ಲಿ ರಬ್ಬರಿಲ್ಲ, ಹದ ಕೆಡುವ ಕಮಾನು ಪಟ್ಟಿಗೆ ಜ್ವಾಲೆ ತಾಗದಂತೆ ನೋಡಿಕೊಂಡರೆ ಸಾಕು. ಒಮ್ಮೆ ಬಿಗಿ ಮಾಡಿ ಬಿಚ್ಚಿದ ಯು ಬೋಲ್ಟನ್ನು ಮತ್ತೆ ಬಳಸಬೇಡಿ ಎನ್ನುವುದು ಸ್ಪ್ರಿಂಗ್ ತಯಾರಕರದೇ ಮಾತು, ಯಾಕೆಂದರೆ ಅದು ಆಗಲೇ ಎಳೆದುಕೊಂಡಿರುತ್ತದೆ, ಎರಡನೇ ಸಲ ಅಷ್ಟೇ ಬಿಗಿಯಲ್ಲಿ ನಿಲ್ಲುವ ಖಾತ್ರಿ ಇಲ್ಲ. ದಿನಕ್ಕೆ ಹಲವು ಲಾರಿ ನೋಡುವವರು ಯೋಚಿಸದೆ ಮಾಡುವ ಕೆಲಸವನ್ನು ವರ್ಷಕ್ಕೊಮ್ಮೆ ಗಾಡಿ ಎತ್ತುವವರು ಮಾನಭಂಗ ಎಂದುಕೊಳ್ಳುತ್ತಾರೆ. ಹಾಗಾದರೆ ಗ್ಯಾಸ್ ಹಚ್ಚು ಎಂಬ ಮೊದಲ ಸಲಹೆಯೇ ಸರಿಯಾಯಿತಲ್ಲ ಎಂದರೆ, ಯು ಬೋಲ್ಟಿಗೆ ಸರಿ, ಲೋವರ್ ಆರ್ಮಿಗೆ ತಪ್ಪು, ಬೆಸುಗೆಯ ನಟ್ಟಿಗೆ ಹುಷಾರು. ಆಚೆ ತುದಿಯಲ್ಲಿ ಏನಿದೆ ಎಂದು ಕೇಳದೆ ಉತ್ತರ ಹೇಳುವಂತಿಲ್ಲ ಎಂಬುದೇ ನನ್ನ ತಕರಾರು.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ಕೊಯ್ಯುವುದೇನೋ ಸುಲಭ, ಅದೇ ಬೋಲ್ಟು ಮತ್ತೆ ಸಿಗಬೇಕಲ್ಲ? ಭಾನುವಾರ ಅಂಗಡಿ ಮುಚ್ಚಿರುತ್ತದೆ, ಕಂಪನಿ ಬೋಲ್ಟು ಆರ್ಡರ್ ಕೊಟ್ಟು ತರಿಸಬೇಕು, ಗಾಡಿ ಮೂರು ಗಾಲಿಯ ಮೇಲೆ ನಿಂತಿದೆ. ನಮ್ಮೂರಿನವರಿಗೆ ಇದಕ್ಕೊಂದು ಸಿದ್ಧ ಉತ್ತರವಿದೆ: ಹರಿಹರಕ್ಕೆ ಹೋಗು, ಲೇತಿನಲ್ಲಿ ಮಾಡಿಸಿಕೊಂಡು ಬಾ. ಈ ನಂಬಿಕೆ ಗಾಳಿಯಿಂದ ಬಂದದ್ದಲ್ಲ. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ವ್ಯಾಪಾರದಿಂದ ಶುರುಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯಮದ ಕೊಂಬೆಯಾಗಿ, ಮೈಸೂರು ಸಂಸ್ಥಾನದ ಕಾಲದಲ್ಲೇ, 1941ರಲ್ಲಿ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಹುಟ್ಟಿತು. ಅಲ್ಲಿ ತಯಾರಾದ ಲೇತುಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪು, ಐಟಿಐ, ಎಂಜಿನಿಯರಿಂಗ್ ಕಾಲೇಜು ಸೇರಿದವು. ಹರಿಹರದ ಹೆಸರು ಹೊತ್ತ ಫಲಕ ಇವತ್ತಿಗೂ ಹಳೆಯ ಲೇತುಗಳ ಹಣೆಯ ಮೇಲೆ ಸಿಗುತ್ತದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಕಾರ್ಖಾನೆ ಬಾಗಿಲು ಹಾಕಿತು, ಲೇತು ಹಿಡಿದ ಕೈಗಳು ಊರಲ್ಲೇ ಉಳಿದವು. ಲೇತಿನ ಜೀವ ಎಂದರೆ ಅದರ ಲೀಡ್ ಸ್ಕ್ರೂ, ಉದ್ದದ ಒಂದು ತಿರುಪು ಸರಳು. ಅದು ಎಷ್ಟು ನಿಖರವೋ ಅದರಿಂದ ಹುಟ್ಟುವ ಥ್ರೆಡ್ಡು ಅಷ್ಟು ನಿಖರ. ಇಂಗ್ಲೆಂಡಿನ ಹೆನ್ರಿ ಮಾಡ್ಸ್ಲೆ 1800ರ ಸುಮಾರಿಗೆ ಇದನ್ನು ಹದಕ್ಕೆ ತಂದ, 1841ರಲ್ಲಿ ಜೋಸೆಫ್ ವಿಟ್ವರ್ತ್ 55 ಡಿಗ್ರಿ ಕೋನದ ಏಕರೂಪ ಥ್ರೆಡ್ಡನ್ನು ಮುಂದಿಟ್ಟ. ಅದಕ್ಕೂ ಮುಂಚೆ ಒಂದು ಕಾರ್ಖಾನೆಯ ನಟ್ಟು ಇನ್ನೊಂದರ ಬೋಲ್ಟಿಗೆ ಹೊಂದುವುದು ಅದೃಷ್ಟದ ಮಾತಾಗಿತ್ತು. ನಟ್ಟು ಬೋಲ್ಟನ್ನು ಅಂಗಡಿಯಲ್ಲಿ ತೂಕಕ್ಕೆ ಕೊಳ್ಳುವ ನಾವು ನೆನೆಯಬೇಕಾದ ಹೆಸರುಗಳಿವು. ಹರಿಹರದ ಕಾರ್ಮಿಕರದೂ ಆ ಸಾಲಿನಲ್ಲಿ ಸೇರುತ್ತದೆ ಎಂದರೆ ಉತ್ಪ್ರೇಕ್ಷೆಯಾಗದು.

ಅಷ್ಟೆಲ್ಲ ಗೌರವ ಇಟ್ಟುಕೊಂಡೂ, ಸಸ್ಪೆನ್ಷನ್ನಿನ ಬೋಲ್ಟನ್ನು ಲೇತಿನಲ್ಲಿ ಮಾಡಿಸಬಾರದು ಎಂದೇ ಹೇಳುತ್ತೇನೆ. ಕಾರ್ಖಾನೆಯ ಬೋಲ್ಟಿನ ಥ್ರೆಡ್ಡು ಕೊರೆದದ್ದಲ್ಲ. ಎರಡು ಅಚ್ಚುಗಳ ನಡುವೆ ಸರಳನ್ನು ಉರುಳಿಸಿ ಒತ್ತಿ ಎಬ್ಬಿಸಿದ್ದು. ಹಾಗೆ ಒತ್ತಿದಾಗ ಉಕ್ಕಿನ ನಾರು ತುಂಡಾಗದೆ ಥ್ರೆಡ್ಡಿನ ಏರಿಳಿತವನ್ನೇ ಅನುಸರಿಸಿ ಬಾಗುತ್ತದೆ. ಲೇತಿನ ಟೂಲು ಆ ನಾರನ್ನು ಪ್ರತಿ ಸುತ್ತಿನಲ್ಲೂ ಕೊಯ್ಯುತ್ತದೆ, ಥ್ರೆಡ್ಡಿನ ಬುಡದಲ್ಲಿ ಚೂಪು ಗೀರು ಬಿಡುತ್ತದೆ. ನಿಂತ ಗೇಟಿಗೆ, ಪಂಪಿನ ತಳಕ್ಕೆ ಇದರಿಂದ ತೊಂದರೆಯಿಲ್ಲ. ಪ್ರತಿ ಗುಂಡಿಗೂ ಒಂದು ಪೆಟ್ಟು ತಿನ್ನುವ ಬೋಲ್ಟು ಬಿರುಕು ಬಿಡುವುದು ಆ ಗೀರಿನಿಂದಲೇ. ಅದಕ್ಕಿಂತ ಮುಖ್ಯವಾದದ್ದು ಉಕ್ಕು. ಬೋಲ್ಟಿನ ತಲೆಯ ಮೇಲೆ 8.8 ಎಂದಿದ್ದರೆ ಅದು ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತ ತಡೆಯುತ್ತದೆ, ಅದರ ಹತ್ತರಲ್ಲಿ ಎಂಟು ಪಾಲು, ಅಂದರೆ 640ರವರೆಗೆ, ಎಳೆದುಕೊಳ್ಳದೆ ಉಳಿಯುತ್ತದೆ ಎಂದರ್ಥ, 10.9 ಇದ್ದರೆ ಇನ್ನೂ ಹೆಚ್ಚು. ಮೂಲೆಯಲ್ಲಿ ಬಿದ್ದಿರುವ ಎಂ.ಎಸ್. ಸರಳಿನಲ್ಲಿ ತಿರುಗಿಸಿದ ಬೋಲ್ಟು ಇದರ ಅರ್ಧ ತಡೆದರೆ ಹೆಚ್ಚು. ನೋಡಲು ಕಂಪನಿಯದಕ್ಕಿಂತ ಚೆಂದವಾಗಿರುತ್ತದೆ, ಅದೇ ಮೋಸ. ಲೇತಿನವರ ಹತ್ತಿರ ಹೋಗಬೇಕಾದ್ದು ಬೇರೆ ಕೆಲಸಕ್ಕೆ: ಕಡಿದ ಮೊಂಡಿನ ನಡುಮಧ್ಯಕ್ಕೆ ನೇರವಾಗಿ ತೂತು ಕೊರೆಸಲು, ಬುಷ್ಷು ಒತ್ತಿ ತೆಗೆಯುವ ಕೊಳವೆ ಮಾಡಿಸಲು, ಥ್ರೆಡ್ಡು ಹೋದ ಎರಕದ ಭಾಗಕ್ಕೆ ದೊಡ್ಡ ತೂತು ಕೊರೆಸಿ ಹೊಸ ಥ್ರೆಡ್ಡಿನ ತೋಳು ಕೂರಿಸಲು. ಇವೆಲ್ಲ ತೂತನ್ನು ಉಳಿಸುವ ಕೆಲಸಗಳು, ಅವರ ಕಸುಬಿಗೆ ತಕ್ಕವು. ಬೋಲ್ಟಿನ ಅಭಾವಕ್ಕೆ ಉತ್ತರ ಸರಳ: ಗಾಡಿ ಎತ್ತುವ ಮುಂಚಿನ ಶನಿವಾರವೇ ದರ್ಜೆಯ ಅಂಕಿ, ದಪ್ಪ, ಉದ್ದ, ಥ್ರೆಡ್ಡಿನ ಅಂತರ ನೋಡಿ ಹೊಸ ಬೋಲ್ಟು, ನಟ್ಟು ತಂದಿಟ್ಟುಕೊಳ್ಳುವುದು. ಬೋಲ್ಟು ಬಿಚ್ಚಿ ಬಂದರೆ ದುಡ್ಡು ದಂಡ ಎನ್ನುವ ಜಿಪುಣತನದಿಂದಲೇ ಪೈಪು ಉದ್ದವಾಗುವುದು.

ಇಷ್ಟೆಲ್ಲ ತಾಪತ್ರಯ ಯಾಕೆ, ಗ್ಯಾರೇಜಿಗೆ ಬಿಡಬಾರದೇ ಎಂದರೆ, ಒಂದಿಷ್ಟು ಕೆಲಸವನ್ನು ಬಿಡಲೇಬೇಕು. ಮುಂದಿನ ಸ್ಟ್ರಟ್ಟಿನ ಸುರುಳಿ ಸ್ಪ್ರಿಂಗು ಒತ್ತಿ ಹಿಡಿದ ಸ್ಥಿತಿಯಲ್ಲಿರುತ್ತದೆ. ಅದನ್ನು ಸರಿಯಾದ ಕ್ಲ್ಯಾಂಪಿನಿಂದ ಬಂಧಿಸದೆ ನಡುವಿನ ನಟ್ಟು ಬಿಚ್ಚಿದರೆ ಕೈಯೋ ಮುಖವೋ ಹೋಗುತ್ತದೆ. ಇಟ್ಟಿಗೆ, ಸೈಜುಗಲ್ಲು ಪೇರಿಸಿ ಗಾಡಿ ನಿಲ್ಲಿಸಿ ಕೆಳಗೆ ನುಗ್ಗುವ ರೂಢಿಯಂತೂ ನಮ್ಮಲ್ಲಿ ವಿಪರೀತ. ಕಚ್ಚಿದ ಬೋಲ್ಟಿನ ಜೊತೆ ಜಗ್ಗಾಡುವಾಗ ಗಾಡಿ ಅಲುಗುತ್ತದೆ, ಇಟ್ಟಿಗೆ ಅಲುಗಿದರೆ ಒಡೆಯುತ್ತದೆ. ಸ್ಟ್ಯಾಂಡು ಇಲ್ಲದಿದ್ದರೆ ಕೆಲಸ ಬೇಡ. ಉಳಿದ ಕೆಲಸಗಳಲ್ಲಿ ಮನೆಯವನಿಗೆ ಗ್ಯಾರೇಜಿನವನಿಗಿಂತ ಒಂದು ಅನುಕೂಲ ನಿಜಕ್ಕೂ ಇದೆ, ಅದು ಕೌಶಲವಲ್ಲ, ಪುರುಸೊತ್ತು. ಸಂಜೆಯೊಳಗೆ ಮೂರು ಗಾಡಿ ಹೊರಡಿಸಬೇಕಾದವನು ಎಣ್ಣೆ ಬಿಟ್ಟು ರಾತ್ರಿಯಿಡೀ ಕಾಯಲಾರ. ಅವನ ಗ್ಯಾಸು ಅವನ ಗಡಿಯಾರದಿಂದ ಹುಟ್ಟಿದ್ದು, ಅದಕ್ಕಾಗಿ ಅವನನ್ನು ಬಯ್ಯಲಾಗದು. ಕಾಯಬಲ್ಲವನು ಕಾಯದೆ ಅವನನ್ನೇ ಅನುಕರಿಸುವುದು ಮಾತ್ರ ವಿಚಿತ್ರ.

ಮತ್ತೆ ಜೋಡಿಸುವಾಗ ಗ್ರೀಸು ಹಚ್ಚಬೇಕೋ ಬೇಡವೋ ಎಂಬ ಜಗಳ ಹಳೆಯದು. ಹಚ್ಚಬೇಡಿ ಎನ್ನುವವರ ಬಳಿ ಸರಿಯಾದ ಕಾರಣವಿದೆ: ತಯಾರಕರು ಕೊಡುವ ಬಿಗಿಯ ಅಂಕಿ ಸಾಮಾನ್ಯವಾಗಿ ಒಣ ಥ್ರೆಡ್ಡಿಗೆ, ಜಿಡ್ಡಿನ ಥ್ರೆಡ್ಡಿಗೆ ಅಷ್ಟೇ ತಿರುಚು ಕೊಟ್ಟರೆ ಘರ್ಷಣೆ ಕಡಿಮೆಯಾಗಿ ಬೋಲ್ಟು ಬೇಕಾದ್ದಕ್ಕಿಂತ ಹೆಚ್ಚು ಎಳೆದುಕೊಳ್ಳುತ್ತದೆ. ಹಚ್ಚಿ ಎನ್ನುವವರದೂ ಸರಿ, ಮುಂದಿನ ಸಲ ಬಿಚ್ಚುವವನು ಮನುಷ್ಯನೇ. ಜಗಳ ಬಗೆಹರಿಯುವುದು ಜಾಗ ಬೇರ್ಪಡಿಸಿದರೆ. ಥ್ರೆಡ್ಡನ್ನು ಒಣಗಿಸಿ, ಬುಷ್ಷಿನ ಕೊಳವೆಯೊಳಗೆ ಹಾದುಹೋಗುವ ನುಣುಪು ಕಾಂಡಕ್ಕೆ ಮಾತ್ರ ತೆಳ್ಳಗೆ ಗ್ರೀಸು ಸವರಿದರೆ ಬಿಗಿಯ ಲೆಕ್ಕವೂ ತಪ್ಪುವುದಿಲ್ಲ, ತುಕ್ಕಿಗೆ ಸಂದೂ ಸಿಗುವುದಿಲ್ಲ. ರಬ್ಬರ್ ಬುಷ್ಷಿನ ಬೋಲ್ಟನ್ನು ಗಾಡಿ ಎತ್ತಿದ ಸ್ಥಿತಿಯಲ್ಲಿ ಪೂರ್ತಿ ಬಿಗಿ ಮಾಡುವುದು ಮಾತ್ರ ದೊಡ್ಡ ತಪ್ಪು. ಆಗ ಆರ್ಮು ಕೆಳಗೆ ಜೋತಿರುತ್ತದೆ. ಆ ಭಂಗಿಯಲ್ಲೇ ಕೊಳವೆಯನ್ನು ಹಿಡಿದುಬಿಟ್ಟರೆ ಗಾಡಿ ಇಳಿಸಿದ ಕ್ಷಣದಿಂದ ರಬ್ಬರು ಸದಾ ಹೊಸಕಿಕೊಂಡೇ ಇರುತ್ತದೆ, ಹೊಸ ಬುಷ್ಷು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ನಟ್ಟನ್ನು ಕೈಬಿಗಿ ಮಾಡಿ, ಗಾಲಿ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ಅದರ ಭಾರ ಅದರ ಕಾಲಿನ ಮೇಲೆ ಬಂದ ನಂತರ ಕೊನೆಯ ಬಿಗಿ. ಯು ಬೋಲ್ಟಿಗೆ ಇನ್ನೊಂದು ಬಾಕಿ ಉಳಿಯುತ್ತದೆ: ಹೊಸ ಬೋಲ್ಟು, ಹೊಸ ಪಟ್ಟಿಗಳು ಒಂದಕ್ಕೊಂದು ಕೂತುಕೊಳ್ಳುವಷ್ಟು ದೂರ, ಒಂದಿನ್ನೂರು ಮುನ್ನೂರು ಕಿ.ಮೀ., ಓಡಿಸಿ ಮತ್ತೆ ಬಿಗಿ ನೋಡಬೇಕು. ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕೇ ಕಿ.ಮೀ., ಅಲ್ಲಿಗೆ ಹೋಗಿ ಬಂದರೆ ಸಾಲದು. ಹುಬ್ಬಳ್ಳಿಗೆ ಹೋಗಿ ಬರುವ ಕೆಲಸವಿದ್ದರೆ ಅದನ್ನು ಮುಗಿಸಿಕೊಂಡು, ಮರುದಿನ ಎಂಜಿನ್ನು ತಣ್ಣಗಿರುವಾಗ ಪಾನಾ ಹಾಕಿ ನೋಡಿದರೆ ಸರಿಯಾಗುತ್ತದೆ.